ಭುಜಕ್ಕೆ ಪೆಟ್ಟಾದ್ರೆ ಫಿಸಿಯೋನಾ, ಇಂಜೆಕ್ಷನ್ನಾ, ಆಪರೇಷನ್ನಾ? ನಾಲ್ಕು ಭುಜ ನೋಡಿದ ಮೇಲೆ ಬರೀತಿರೋದು

ಹೋದ ವರ್ಷ ಜೂನ್‌ನಲ್ಲಿ ಸ್ಕೂಲಿಗೆ ಹೋಗ್ತಾ ಸ್ಕೂಟರ್ ಜಾರಿ ಬಿದ್ದೆ. ಸ್ಪೀಡೇನೂ ಇರಲಿಲ್ಲ, ಮಳೆ ಬಂದು ನಿಂತಿತ್ತು, ತಿರುವಲ್ಲಿ ಮರಳು ಹರಡ್ಕೊಂಡಿತ್ತು, ಬೀಳ್ತಾ ಬಲಗೈ ನೆಲಕ್ಕೆ ಊರಿದೆ ಅಷ್ಟೇ. ಎದ್ದು ಪ್ಯಾಂಟ್ ಕೊಡವ್ಕೊಂಡು ಹೋಗಿ ಫಸ್ಟ್ ಪೀರಿಯಡ್ಡೂ ತಗೊಂಡೆ. ಸಾಯಂಕಾಲದ ಹೊತ್ತಿಗೆ ಭುಜ ಹಿಡ್ಕೊಳ್ತು. ಹತ್ತಿರದ ಒಂದು ಕ್ಲಿನಿಕ್ಕಲ್ಲಿ ಎಕ್ಸ್‌ರೇ ತೆಗೆಸಿ "ಮೂಳೆಗೇನೂ ಆಗಿಲ್ಲ ಸಾರ್, ಬರೀ ಉಳುಕು" ಅಂತ ಮಾತ್ರೆ, ಮುಲಾಮು ಬರೆದುಕೊಟ್ರು, ನಾನೂ ಖುಷಿಯಾಗಿ ಬಂದೆ. ಆಮೇಲೆ ಏಳು ವಾರ, ಬೋರ್ಡ್ ಮೇಲ್ಗಡೆ ತಾರೀಖು ಬರೀಬೇಕು ಅಂದ್ರೆ ಎಡಗೈಲಿ ಬಲ ಮೊಣಕೈ ಹಿಡಿದೆತ್ತಿ ಬರೀತಿದ್ದೆ, ಎಂಟನೇ ಕ್ಲಾಸ್ ಹುಡುಗರು ಅದನ್ನ ಆಕ್ಟ್ ಮಾಡಿ ತೋರಿಸೋ ಮಟ್ಟಕ್ಕೆ ಬಂದಿತ್ತು. ಆ ಏಳು ವಾರ ಸುಮ್ನೆ ಕಳೆದಿದ್ದೇ ನಾನು ಮಾಡಿದ ದೊಡ್ಡ ತಪ್ಪು.

ನಾನು ಗಣಿತದ ಮೇಷ್ಟ್ರು, ಡಾಕ್ಟ್ರಲ್ಲ. ಆದ್ರೆ ಅಲ್ಲಿಂದ ಇಲ್ಲಿವರೆಗೆ ನಮ್ಮ ಸುತ್ತಮುತ್ತಲೇ ನಾಲ್ಕು ಭುಜ ನೋಡಿದೀನಿ, ನಂದು, ನಮ್ಮ ರಿಟೈರ್ಡ್ ಹೆಡ್‌ಮಾಸ್ಟರ್ದು, ಅತ್ತಿಗೇದು, ಅಣ್ಣನ ಮಗಂದು. ನಾಲ್ಕಕ್ಕೂ ನಾಲ್ಕು ಥರದ ಟ್ರೀಟ್‌ಮೆಂಟ್, ನಾಲ್ಕೂ ಸರಿಯಾದದ್ದೇ. "ನಮ್ಮ ಮಾವಂಗೆ ಬರೀ ಎಕ್ಸರ್ಸೈಸಲ್ಲೇ ವಾಸಿ ಆಯ್ತು, ನೀವ್ಯಾಕೆ ಆಪರೇಷನ್ ಮಾಡಿಸ್ಕೊಂಡ್ರಿ" ಅಂತ ಕೇಳೋರಿಗೆ ನಾನು ಹೇಳೋದು ಒಂದೇ, ಮಾವನ ಭುಜದಲ್ಲಿ ಏನಾಗಿತ್ತು, ಬಿದ್ದು ಆಗಿದ್ದಾ ಸವೆದು ಆಗಿದ್ದಾ, ಮೊದಲು ಅದು ಹೇಳಿ.

ಮೊದಲು ನಿಮ್ಮದು ಯಾವ ಭುಜ ನೋಡ್ಕೊಳ್ಳಿ

ಚಮಚದಲ್ಲಿ ನಿಂಬೆಹಣ್ಣು ಇಟ್ಕೊಂಡು ಓಡೋ ಆಟ ಗೊತ್ತಲ್ಲ, ಭುಜದ ಕೀಲು ಹೆಚ್ಚುಕಮ್ಮಿ ಹಂಗೇ. ತೋಳಿನ ಮೂಳೆ ತುದೀಲಿರೋ ಗುಂಡು ದೊಡ್ಡದು, ಅದು ಕೂರೋ ಗುಳಿ ಚಿಕ್ಕದು, ಆಳನೂ ಇಲ್ಲ. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತೆ, ಅದಕ್ಕೇ ಸುಲಭವಾಗಿ ಕೆಡುತ್ತೆ. ಆ ನಿಂಬೆಹಣ್ಣು ಬೀಳದ ಹಾಗೆ ಹಿಡಿದಿರೋದು ನಾಲ್ಕು ಸಣ್ಣ ಸ್ನಾಯುಗಳ ತುದಿಗಳು, ಅದಕ್ಕೆ ರೊಟೇಟರ್ ಕಫ್ ಅಂತಾರೆ. ನಾಲ್ಕರಲ್ಲಿ ಮೇಲ್ಗಡೆ ಇರೋ ಸುಪ್ರಾಸ್ಪೈನೇಟಸ್ ಅನ್ನೋದೇ ಜಾಸ್ತಿ ಹರಿಯೋದು. ಇದ್ಯಾವುದೂ ಎಕ್ಸ್‌ರೇಲಿ ಕಾಣಲ್ಲ ಸ್ವಾಮಿ! ಎಕ್ಸ್‌ರೇ ತೋರಿಸೋದು ಮೂಳೆ. ನಂಗೆ ಹೇಳಿದ್ದು ಸುಳ್ಳಲ್ಲ, ಮೂಳೆಗೆ ನಿಜವಾಗ್ಲೂ ಏನೂ ಆಗಿರಲಿಲ್ಲ.

ಆಮೇಲೆ ಸಿಕ್ಕಿದ ಆರ್ಥೋ ಡಾಕ್ಟ್ರು ಎಕ್ಸ್‌ರೇ ಕಡೆ ತಿರುಗಿ ನೋಡೋಕೆ ಮುಂಚೆ ಒಂದು ಕೆಲಸ ಮಾಡಿದ್ರು. ಕೈ ನೀವೇ ಎತ್ತಿ ಅಂದ್ರು, ಎದೆ ಮಟ್ಟಕ್ಕೂ ಬರಲಿಲ್ಲ. ಆಮೇಲೆ ಅವ್ರೇ ನಿಧಾನಕ್ಕೆ ಎತ್ತಿದ್ರು, ಕಿವಿ ಪಕ್ಕದವರೆಗೂ ಹೋಯ್ತು, ಬಿಟ್ಟ ತಕ್ಷಣ ದೊಪ್ಪಂತ ಕೆಳಗೆ ಬಿತ್ತು. ಬೇರೆಯವರು ಎತ್ತಿದ್ರೆ ಏಳುತ್ತೆ, ನಾವೇ ಎತ್ತಿದ್ರೆ ಏಳಲ್ಲ ಅಂದ್ರೆ ಕಫ್ ಹರಿದಿರೋ ಅನುಮಾನ (ಒಂದೊಂದ್ಸಲ ನರದ ಪೆಟ್ಟೂ ಇರಬಹುದು). ನಾವು ಎತ್ತಿದ್ರೂ ಏಳಲ್ಲ, ಬೇರೆಯವರು ಎತ್ತಿದ್ರೂ ಏಳಲ್ಲ, ಮೊಣಕೈ ಪಕ್ಕೆಗೆ ಒತ್ತಿ ಮುಂಗೈನ ಹೊರಗಡೆ ತಿರುಗಿಸೋಕೂ ಆಗಲ್ಲ ಅಂದ್ರೆ ಅದು ಫ್ರೋಜನ್ ಶೋಲ್ಡರ್, ಅಂದ್ರೆ ಕೀಲೇ ಬಿಗಿದು ಹಿಡ್ಕೊಳ್ಳೋ ತೊಂದರೆ ಕಡೆಗೆ ವಾಲುತ್ತೆ. ಬಿದ್ದಾಗ ಭುಜದ ಗುಂಡನೆಯ ಆಕಾರವೇ ಹೋಗಿ ಚಪ್ಪಟೆ ಆಗಿದ್ರೆ ಕೀಲು ತಪ್ಪಿದೆ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ಮನೇಲಿ ಎಳೆದು ಕೂರಿಸೋ ಸಾಹಸ ಬೇಡ. ಇದನ್ನೆಲ್ಲ ಮನೇಲೇ ಮಾಡಿ ತೀರ್ಮಾನಕ್ಕೆ ಬನ್ನಿ ಅಂತ ಹೇಳ್ತಿಲ್ಲ, ಡಾಕ್ಟ್ರ ಹತ್ರ ಏನು ಹೇಳ್ಬೇಕು ಅನ್ನೋದಾದ್ರೂ ಗೊತ್ತಿರಲಿ ಅಂತ.

ಸ್ಕ್ಯಾನ್ ವಿಷ್ಯ ಬೇಗ ಮುಗಿಸ್ತೀನಿ. ಅಲ್ಟ್ರಾಸೌಂಡ್ ಕಮ್ಮಿ ದುಡ್ಡಿಗೆ ಆಗುತ್ತೆ, ಭುಜ ನೋಡಿ ಅಭ್ಯಾಸ ಇರೋ ರೇಡಿಯಾಲಜಿಸ್ಟ್ ಸಿಕ್ರೆ ಹರಿದಿದ್ಯಾ ಇಲ್ವಾ ಅಂತ ಅದರಲ್ಲೇ ಗೊತ್ತಾಗುತ್ತೆ. ಹರಿದ ತುದಿ ಎಷ್ಟು ದೂರ ಜರುಗಿದೆ, ಸ್ನಾಯು ಸೊರಗಿ ಕೊಬ್ಬು ತುಂಬ್ಕೊಂಡಿದ್ಯಾ ಅಂತ ಚೆನ್ನಾಗಿ ನೋಡ್ಬೇಕಾದ್ರೆ ಎಂಆರ್‌ಐ. ಆಪರೇಷನ್ ಯೋಚನೆ ಇದ್ರೆ ಎಂಆರ್‌ಐ ಹೆಂಗೂ ಕೇಳ್ತಾರೆ.

ಒಂದೇ ರಿಪೋರ್ಟು, ಎರಡು ದಾರಿ

ನನ್ನ ರಿಪೋರ್ಟಲ್ಲಿ ಸುಪ್ರಾಸ್ಪೈನೇಟಸ್ ಪೂರ್ತಿ ದಪ್ಪಕ್ಕೆ ಹರಿದಿದೆ, ಸುಮಾರು 2 ಸೆಂಟಿಮೀಟರ್ ಅಂತ ಇತ್ತು. ತಮಾಷೆ ಏನಪ್ಪ ಅಂದ್ರೆ ನಮ್ಮ ಹೆಡ್‌ಮಾಸ್ಟರ್ ರಿಪೋರ್ಟಲ್ಲೂ ಹೆಚ್ಚುಕಮ್ಮಿ ಅದೇ ಸಾಲು. ಅವರಿಗೆ 67, ನಂಗೆ 49. ಅವರು ಎಲ್ಲೂ ಬಿದ್ದಿಲ್ಲ, ಒಂದು ವರ್ಷದಿಂದ ರಾತ್ರಿ ಆ ಮಗ್ಗುಲಲ್ಲಿ ಮಲಗೋಕಾಗಲ್ಲ ಅಂತ ಕಂಪ್ಲೇಂಟು. ಅದೇ ಡಾಕ್ಟ್ರು ಅವರಿಗೆ ಫಿಸಿಯೋ ಅಂದ್ರು, ನಂಗೆ ಆಪರೇಷನ್ ಅಂದ್ರು. ನಾನು ಮೊದಲು ಯೋಚನೆ ಮಾಡಿದ್ದು ಏನು ಗೊತ್ತಾ, ನನ್ನ ಹತ್ರ ಇನ್ಶೂರೆನ್ಸ್ ಇದೆ ಅಂತ ಗೊತ್ತಾಗಿರಬೇಕು ಅಂತ!

ಆಮೇಲೆ ಓದಿ, ಇನ್ನೊಬ್ಬ ಡಾಕ್ಟ್ರನ್ನೂ ಕೇಳಿದ ಮೇಲೆ ಲೆಕ್ಕ ಅರ್ಥ ಆಯ್ತು. ವಯಸ್ಸಾಗ್ತಾ ಆಗ್ತಾ ಕಫ್ ತಾನಾಗೇ ಸವೆದು ಹರಿಯುತ್ತೆ, ಎಷ್ಟೋ ಜನಕ್ಕೆ ನೋವೇ ಇರಲ್ಲ. 1995ರಲ್ಲಿ ಅಮೆರಿಕದಲ್ಲಿ ಭುಜದ ತೊಂದರೆನೇ ಇಲ್ಲದ 96 ಜನಕ್ಕೆ ಎಂಆರ್‌ಐ ಮಾಡಿ ನೋಡಿದ್ರಂತೆ, 60 ದಾಟಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಅಲ್ಪಸ್ವಲ್ಪನೋ ಪೂರ್ತಿನೋ ಹರಿದಿತ್ತು. ಹಾಗಾಗಿ ಸ್ಕ್ಯಾನಲ್ಲಿ ಹರಿದಿದೆ ಅಂತ ಬಂದ ಮಾತ್ರಕ್ಕೆ ಹೊಲಿಬೇಕು ಅಂತೇನಿಲ್ಲ. ಫಿನ್‌ಲ್ಯಾಂಡಲ್ಲಿ 55 ದಾಟಿದ, ಬೀಳದೇ ತಾನಾಗೇ ಹರಿದ 180 ಭುಜಗಳನ್ನ ಮೂರು ಗುಂಪು ಮಾಡಿದ್ರು, ಒಂದಕ್ಕೆ ಬರೀ ಫಿಸಿಯೋ, ಒಂದಕ್ಕೆ ಫಿಸಿಯೋ ಜೊತೆ ಮೇಲಿನ ಮೂಳೆ ಸ್ವಲ್ಪ ಕೆರೆಯೋದು, ಒಂದಕ್ಕೆ ಇವೆರಡರ ಜೊತೆ ಹೊಲಿಗೆನೂ. 2014ರಲ್ಲಿ ರಿಸಲ್ಟ್ ಬಂತು, ಒಂದು ವರ್ಷದ ಮೇಲೆ ಮೂರು ಗುಂಪಿಗೂ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ. ಅಮೆರಿಕದಲ್ಲಿ ಇಂಥದ್ದೇ 400ಕ್ಕೂ ಜಾಸ್ತಿ ಜನಕ್ಕೆ ಫಿಸಿಯೋ ಕೊಟ್ಟು ನೋಡಿದಾಗ ಎರಡು ವರ್ಷದೊಳಗೆ ಆಪರೇಷನ್ ಕಡೆ ಹೋದವರು ಕಾಲು ಭಾಗದಷ್ಟೂ ಇಲ್ಲ. ಹೆಡ್‌ಮಾಸ್ಟರ್ ಈ ಲೆಕ್ಕಕ್ಕೆ ಸೇರಿದವರು.

ನಂದು ಹಾಗಲ್ಲ. ನೆನ್ನೆವರೆಗೂ ಕೆಲಸ ಮಾಡ್ತಿದ್ದ ಸ್ನಾಯು ಬಿದ್ದ ಏಟಿಗೆ ಕಿತ್ತು ಬಂದಿದೆ, ಬಲಗೈ ಬೇರೆ, ಇನ್ನೂ ಹನ್ನೊಂದು ವರ್ಷ ಬೋರ್ಡ್ ಮೇಲೆ ಬರೀಬೇಕು. ಕಿತ್ತು ಬಂದ ತುದಿ ದಿನ ಕಳೆದಂಗೆ ಒಳಗೆ ಜರುಗುತ್ತೆ, ಸ್ನಾಯು ಸೊರಗುತ್ತೆ, ಆಮೇಲೆ ಹೊಲಿಯೋಕೆ ಎಳೆದ್ರೂ ಬರಲ್ಲ. ಅದಕ್ಕೇ ಬಿದ್ದು ಹರಿದಿದ್ದನ್ನ ಮೊದಲ ಮೂರ್ನಾಲ್ಕು ತಿಂಗಳೊಳಗೆ ಹೊಲಿಸ್ಕೊಂಡ್ರೆ ಒಳ್ಳೇದು ಅಂತ ಬಹಳ ಸರ್ಜನ್‌ಗಳು ಹೇಳೋದು. ಅದರಲ್ಲಿ ನಾನು ಏಳು ವಾರ ಮುಲಾಮು ತಿಕ್ಕೊಂಡು ಕಳೆದಿದ್ದೆ.

ಫಿಸಿಯೋ ದಾರಿ

ಹೆಡ್‌ಮಾಸ್ಟರ್ ಹನ್ನೆರಡು ವಾರ ಹೋದ್ರು. ಫಿಸಿಯೋ ಅಂದ್ರೆ ಕರೆಂಟ್ ಶಾಕ್ ಕೊಟ್ಟು ಬಿಸಿ ಕೊಟ್ಟು ಕಳಿಸೋದು ಅಂದ್ಕೊಂಡಿದ್ರು, ಅದು ನೋವು ಸ್ವಲ್ಪ ಇಳಿಸಬಹುದು ಅಷ್ಟೇ, ಅಸಲಿ ಔಷಧಿ ಎಕ್ಸರ್ಸೈಸು. ಹರಿದಿದ್ದು ಕೂಡಲ್ಲ, ಪಕ್ಕದ ಸ್ನಾಯುಗಳಿಗೂ ಬೆನ್ನಿನ ರೆಕ್ಕೆ ಮೂಳೆ ಸುತ್ತ ಇರೋ ಸ್ನಾಯುಗಳಿಗೂ ಬಲ ಬಂದು ಅವು ಆ ಕೆಲಸ ಹಂಚ್ಕೊಳ್ತವೆ. ರಬ್ಬರ್ ಬ್ಯಾಂಡ್ ಕಿಟಕಿ ಸರಳಿಗೆ ಕಟ್ಟಿ ಎಳೆಯೋದು, ಗೋಡೆ ಮೇಲೆ ಬೆರಳಲ್ಲಿ ಹತ್ತೋದು, ಬಾಗಿಲ ಮೇಲೆ ಹಗ್ಗ ಹಾಕಿ ಬಾವಿ ರಾಟೆ ಥರ ಒಂದು ಕೈಲಿ ಇನ್ನೊಂದು ಕೈನ ಎತ್ತೋದು. ಗೋಡೆ ಮೇಲೆ ಎಲ್ಲಿವರೆಗೆ ಬೆರಳು ಹೋಯ್ತು ಅಂತ ದಿನಾ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಹಾಕ್ತಿದ್ರು, ಹೊಸದಾಗಿ ಪೇಂಟ್ ಮಾಡಿಸಿದ ಗೋಡೆ, ಅವರ ಮನೆಯವರು ಬೈದಿದ್ದು ಬೈದಿದ್ದೇ. ಮೊದಲ ಮೂರು ವಾರ ಗೆರೆ ಅಲ್ಲಲ್ಲೇ, ನಾಲ್ಕನೇ ವಾರದಿಂದ ಮೇಲೆ ಹೋಗೋಕೆ ಶುರು ಆಯ್ತು.

ಇದರ ಕಷ್ಟ ಏನು ಅಂದ್ರೆ ಬೇಜಾರು. ವಾರಕ್ಕೆರಡು ಸಲ ಸೆಂಟರ್‌ಗೆ ಹೋಗಿ ಮನೇಲಿ ಏನೂ ಮಾಡದೇ ಇದ್ರೆ ದುಡ್ಡು ದಂಡ. ಇನ್ನೊಂದು, ಹರಿದಿದ್ದು ಹಾಗೇ ಇರುತ್ತಲ್ಲ, ವರ್ಷಗಳು ಕಳೆದಂಗೆ ದೊಡ್ಡದಾಗಬಹುದು, ಅದಕ್ಕೆ ಆಗಾಗ ತೋರಿಸ್ಕೊಳ್ತಾ ಇರಬೇಕು. ಮೂರು ತಿಂಗಳು ನಿಯತ್ತಾಗಿ ಮಾಡಿನೂ ರಾತ್ರಿ ನಿದ್ದೆ ಬರ್ತಿಲ್ಲ ಅಂದ್ರೆ ಆಗ ಆಪರೇಷನ್ ಮಾತು ಎತ್ತೋದು ನ್ಯಾಯ.

ಆಪರೇಷನ್ ದಾರಿ

ಬಿದ್ದು ಹನ್ನೊಂದನೇ ವಾರಕ್ಕೆ ನಂಗಾಯ್ತು. ದೂರ್ಬೀನು ಆಪರೇಷನ್, ಅಂದ್ರೆ ಒಳಗೆ ಕ್ಯಾಮೆರಾ ಹಾಕಿ ನೋಡ್ತಾ ಮಾಡೋದು, ನಾಲ್ಕು ಸಣ್ಣ ತೂತು, ಮೂಳೆಗೆ ಆಂಕರ್ ಅನ್ನೋ ಸಣ್ಣ ಮೊಳೆ ಥರದ್ದು ಹೊಡೆದು ಅದರ ದಾರದಲ್ಲಿ ಹರಿದ ತುದಿ ವಾಪಸ್ ಕಟ್ತಾರೆ. ಕುತ್ತಿಗೆ ಹತ್ರ ಇಂಜೆಕ್ಷನ್ ಕೊಟ್ಟು ಇಡೀ ಕೈ ಜೋಮು ಮಾಡಿದ್ರು. ಎಚ್ಚರ ಆದಾಗ ಪಕ್ಕದಲ್ಲಿ ಬೇರೆ ಯಾರದ್ದೋ ಕೈ ಮಲಗಿಸಿದ್ದಾರೆ ಅನ್ನಿಸ್ತು, ಮುಟ್ಟಿದ್ರೆ ಬೆಚ್ಚಗಿದೆ ಆದ್ರೆ ನಂದಲ್ಲ. ಗಂಟಲು ಬೇರೆ ಗೊಗ್ಗರು, ಅದೂ ಆ ಇಂಜೆಕ್ಷನ್ನಿಂದ ಆಗುತ್ತಂತೆ, ಮಾರನೇ ದಿನ ಸರಿಹೋಯ್ತು. ಒಂದು ಮಾತು ನೆನಪಿಟ್ಕೊಳ್ಳಿ, ಆ ಜೋಮು ಇಳಿಯೋ ಹೊತ್ತಿಗೆ ನೋವು ಒಂದೇ ಸಲ ನುಗ್ಗುತ್ತೆ. ನಂಗೆ ರಾತ್ರಿ ಎರಡು ಗಂಟೆಗೆ ಇಳೀತು. ಜೋಮು ಇರೋವಾಗಲೇ ನೋವಿನ ಮಾತ್ರೆ ಟೈಮಿಗೆ ಸರಿಯಾಗಿ ತಗೊಳ್ಳಿ ಅಂತ ನರ್ಸಮ್ಮ ಹೇಳಿದ್ರು, "ನೋವೇ ಇಲ್ವಲ್ಲ" ಅಂತ ನಾನು ಬಿಟ್ಟಿದ್ದೆ.

ಆರು ವಾರ ಸ್ಲಿಂಗ್. ನೋವಿಗಿಂತ ಈ ಆರು ವಾರದ ಸಣ್ಣಪುಟ್ಟ ಕೆಲಸಗಳೇ ಕಷ್ಟ. ಮಲಗೋದು ಅಂದ್ರೆ ಮೂರು ದಿಂಬು ಬೆನ್ನಿಗೆ, ಒಂದು ಮೊಣಕೈ ಕೆಳಗೆ, ಒರಗ್ಕೊಂಡೇ ನಿದ್ದೆ. ಬನಿಯನ್ ಬಿಟ್ಟುಬಿಡಿ, ಮುಂದೆ ಗುಂಡಿ ಇರೋ ಲೂಸ್ ಶರ್ಟ್ ನಾಲ್ಕೈದು ಇಟ್ಕೊಳ್ಳಿ, ಹಾಕೋವಾಗ ನೋವಿರೋ ಕೈ ಮೊದಲು, ತೆಗೆಯೋವಾಗ ಅದು ಕೊನೆಗೆ. ಎಡಗೈಲಿ ಮುದ್ದೆ ಮುರಿಯೋದು ಒಂದು ವಿದ್ಯೆ. ಕಂಕುಳು ತೊಳೆಯೋಕೆ ಮುಂದಕ್ಕೆ ಬಗ್ಗಿ ಕೈನ ನೇತಾಡೋಕೆ ಬಿಡಬೇಕು, ನೀವಾಗಿ ಎತ್ತಬಾರದು, ಯಾಕಂದ್ರೆ ಹೊಲಿಗೆ ಇನ್ನೂ ಮೂಳೆಗೆ ಕೂತಿರಲ್ಲ.

ಆರು ವಾರದವರೆಗೆ ಬೇರೆಯವರು ಕೈ ಆಡಿಸೋದು ಮಾತ್ರ, ಆಮೇಲೆ ನಾವೇ ಎತ್ತೋದು, ಬಲ ಬರೋ ಎಕ್ಸರ್ಸೈಸ್ ಹನ್ನೆರಡನೇ ವಾರದ ಸುಮಾರಿಗೆ, ಭಾರದ ಕೆಲಸ ಆರು ತಿಂಗಳ ಮೇಲೆ. ಹರಿದಿದ್ದ ಸೈಜು, ಸರ್ಜನ್ ಅಭ್ಯಾಸ ನೋಡ್ಕೊಂಡು ಇದು ಹಿಂದೆಮುಂದೆ ಆಗುತ್ತೆ. ಒಂದು ತಿಂಗಳು ಕಮ್ಯುಟೆಡ್ ಲೀವ್ ಹಾಕಿದ್ದೆ, ಸಾಕಾಗಲಿಲ್ಲ, ಇನ್ನೂ ಮೂರು ವಾರ ಹಾಕ್ಬೇಕಾಯ್ತು. ಸ್ಕೂಟರ್ ಓಡಿಸಿದ್ದು ಮೂರು ತಿಂಗಳಾದ ಮೇಲೆ. ಮೂರನೇ ತಿಂಗಳಲ್ಲಿ ಎಲ್ಲರಿಗೂ ಒಂದು ಸಲ ಅನ್ನಿಸುತ್ತಂತೆ, ನಂಗೂ ಅನ್ನಿಸ್ತು, ಯಾಕಾದ್ರೂ ಮಾಡಿಸ್ಕೊಂಡ್ನೋ ಅಂತ, ಯಾಕಂದ್ರೆ ಆಗ ಕೈ ಆಪರೇಷನ್‌ಗೆ ಮುಂಚೆಗಿಂತ ಬಿಗಿಯಾಗಿರುತ್ತೆ. ಐದನೇ ತಿಂಗಳಿಂದ ಸಡಿಲ ಆಯ್ತು.

ಹೊಲಿದಿದ್ದೆಲ್ಲ ಕೂಡುತ್ತೆ ಅನ್ನೋ ಗ್ಯಾರಂಟಿ ಇಲ್ಲ ಅನ್ನೋದನ್ನೂ ಹೇಳ್ಬೇಕು. ದೊಡ್ಡದಾಗಿ ಹರಿದಿದ್ರೆ, ವಯಸ್ಸು ಜಾಸ್ತಿ ಇದ್ರೆ, ಸಿಗರೇಟ್ ಇದ್ರೆ, ಶುಗರ್ ಕಂಟ್ರೋಲಲ್ಲಿ ಇಲ್ಲದಿದ್ರೆ ಮತ್ತೆ ಬಿಟ್ಕೊಳ್ಳೋ ಸಾಧ್ಯತೆ ಏರುತ್ತೆ. ಹೊಲಿಯೋಕೇ ಆಗದಷ್ಟು ಹರಿದು ಕೀಲೂ ಸವೆದಿರೋ ವಯಸ್ಸಾದವರಿಗೆ ರಿವರ್ಸ್ ಶೋಲ್ಡರ್ ಅಂತ ಕೀಲು ಬದಲಿಸೋ ಆಪರೇಷನ್ ಇದೆ, ಗುಂಡು ಇದ್ದ ಕಡೆ ಬಟ್ಟಲು, ಬಟ್ಟಲು ಇದ್ದ ಕಡೆ ಗುಂಡು ಹಾಕ್ತಾರೆ, ಕಫ್ ಇಲ್ಲದಿದ್ರೂ ಹೊರಗಿನ ದೊಡ್ಡ ಸ್ನಾಯು ಕೈ ಎತ್ತುತ್ತೆ.

ಹೆದರ್ಕೊಂಡು ಕೂತಿದ್ದಾಗ ನಂಗೆ ಧೈರ್ಯ ಕೊಟ್ಟಿದ್ದು ಜಾವಗಲ್ ಶ್ರೀನಾಥ್. ಅವರೇನು ಫೋನ್ ಮಾಡಲಿಲ್ಲ ಬಿಡಿ! 1997ರಲ್ಲಿ ಅವರಿಗೆ ಇದೇ ರೊಟೇಟರ್ ಕಫ್ ಗಾಯ, ವೆಸ್ಟ್ ಇಂಡೀಸ್ ಟೂರ್ ತಪ್ಪಿ ಹೋಯ್ತು, ಆಪರೇಷನ್ ಆಯ್ತು, ತಿಂಗಳುಗಟ್ಟಲೆ ಬೌಲಿಂಗ್ ಇಲ್ಲ. ಅದೇ ಭುಜದಲ್ಲಿ 1999ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಲ್ಲಿ 13 ವಿಕೆಟ್ ತಗೊಂಡ್ರು. ನಂಗೆ ಬರೀ ಚಾಕ್‌ಪೀಸ್ ಎತ್ತೋ ಅಷ್ಟು ಸಾಕಿತ್ತು.

ಒಂದು ಎಚ್ಚರಿಕೆ, ಹರಿದಿರೋದು ಏನೂ ಇಲ್ಲದೇ "ಮೂಳೆ ಸ್ನಾಯುಗೆ ತಾಗ್ತಿದೆ, ಕೆರೆದು ಜಾಗ ಮಾಡೋಣ" ಅಂತ ಯಾರಾದ್ರೂ ಬರೀ ಅದಕ್ಕೇ ಆಪರೇಷನ್ ಹೇಳಿದ್ರೆ ಎರಡನೇ ಅಭಿಪ್ರಾಯ ತಗೊಳ್ಳಿ. 2018ರಲ್ಲಿ ಇಂಗ್ಲೆಂಡಲ್ಲೂ ಫಿನ್‌ಲ್ಯಾಂಡಲ್ಲೂ ಪರೀಕ್ಷೆ ಮಾಡಿದ್ರು, ನಿಜವಾಗಿ ಕೆರೆದವರಿಗೂ ಬರೀ ದೂರ್ಬೀನು ಹಾಕಿ ನೋಡಿ ಮುಚ್ಚಿದವರಿಗೂ ಗಮನಕ್ಕೆ ಬರೋ ಅಷ್ಟು ವ್ಯತ್ಯಾಸ ಸಿಗಲಿಲ್ಲ.

ಇಂಜೆಕ್ಷನ್, ಅಂದ್ರೆ ಅತ್ತಿಗೆ ಭುಜ

ಅತ್ತಿಗೆಗೆ 54, ಹತ್ತು ವರ್ಷದಿಂದ ಶುಗರ್. ಯಾವ ಪೆಟ್ಟೂ ಇಲ್ಲ, ಒಂದಿನ ಕೊಡದ ನೀರು ಎತ್ತೋವಾಗ ಚುಳ್ ಅಂತಂತೆ, ನಾಲ್ಕು ತಿಂಗಳಲ್ಲಿ ತಲೆ ಬಾಚೋಕೂ ಆಗ್ತಿಲ್ಲ, ಜಡೆ ಹಾಕೋಕೆ ಸೊಸೆ ಬೇಕು. ಫ್ರೋಜನ್ ಶೋಲ್ಡರ್. ಕೀಲಿನ ಸುತ್ತ ಇರೋ ಚೀಲ ಊದಿ, ದಪ್ಪ ಆಗಿ, ಕುಗ್ಗುತ್ತೆ. ಶುಗರ್ ಇರೋರಿಗೆ, ಥೈರಾಯ್ಡ್ ಇರೋರಿಗೆ ಜಾಸ್ತಿ ಬರುತ್ತೆ. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ನಿಧಾನಕ್ಕೆ ಸಡಿಲ, ಒಟ್ಟು ಒಂದರಿಂದ ಮೂರು ವರ್ಷ ಹಿಡೀಬಹುದು.

ಇದಕ್ಕೆ ನೋವಿನ ಹಂತದಲ್ಲೇ ಕೀಲೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡು ಜೊತೆಗೆ ಫಿಸಿಯೋ ಮಾಡೋದು ಮೊದಲನೇ ದಾರಿ. ಸ್ಟೀರಾಯ್ಡ್ ಅಂದ ಕೂಡ್ಲೇ ಹೆದರ್ತಾರೆ, ಒಂದೆರಡು ಸಲಕ್ಕೆ ಅಷ್ಟು ಹೆದರಬೇಕಿಲ್ಲ, ಆದ್ರೆ ಶುಗರ್ ಇರೋರಿಗೆ ಕೆಲವು ದಿನ ಲೆವೆಲ್ ಏರುತ್ತೆ, ಅತ್ತಿಗೆಗೆ 160 ಇದ್ದಿದ್ದು ಮಾರನೇ ದಿನ 290 ತೋರಿಸಿ ಮನೆ ಮಂದಿಯೆಲ್ಲ ಗಾಬರಿ, ಐದನೇ ದಿನಕ್ಕೆ ಇಳೀತು. ಮುಂಚೆನೇ ಹೇಳಿದ್ರೆ ಗಾಬರಿ ಇರ್ತಿರಲಿಲ್ಲ. ಇನ್ನೊಂದು ದಾರಿ ಅರಿವಳಿಕೆ ಕೊಟ್ಟು ಕೈನ ಎತ್ತಿ ಬಿಡಿಸೋದು, ಅದರಲ್ಲಿ ಅಪರೂಪಕ್ಕೆ ಮೂಳೆ ಮುರಿಯೋ ರಿಸ್ಕ್ ಇದೆ, ಮೂರನೇದು ದೂರ್ಬೀನಲ್ಲಿ ಚೀಲ ಕತ್ತರಿಸಿ ಬಿಡಿಸೋದು. ಬ್ರಿಟನ್ನಲ್ಲಿ 35 ಆಸ್ಪತ್ರೆಗಳ 503 ಜನರಲ್ಲಿ ಈ ಮೂರನ್ನೂ ಹೋಲಿಸಿ 2020ರಲ್ಲಿ ಪ್ರಕಟಿಸಿದ್ರು, ಒಂದು ವರ್ಷದ ಕೊನೆಗೆ ಯಾವುದೂ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಮೇಲು ಅಂತ ಬರಲಿಲ್ಲ. ಹಂಗಿದ್ಮೇಲೆ ಸಣ್ಣದರಿಂದ ಶುರು ಮಾಡೋದು ತಾನೇ? ಅತ್ತಿಗೆ ಒಂದೇ ಇಂಜೆಕ್ಷನ್, ಎಂಟು ತಿಂಗಳು ಎಕ್ಸರ್ಸೈಸು, ಈಗ ಜಡೆ ತಾವೇ ಹಾಕ್ಕೊಳ್ತಾರೆ, ರವಿಕೆ ಹಿಂದಿನ ಹುಕ್ ಇನ್ನೂ ಕಷ್ಟ.

ನನ್ನಂಥ ಕಫ್ ಹರಿದ ಕೇಸಲ್ಲಿ ಇಂಜೆಕ್ಷನ್ ಬೇರೆ ಮಾತು. ನೋವು ಕೆಲವು ವಾರ ಕಮ್ಮಿ ಆಗುತ್ತೆ, ಹರಿದಿದ್ದು ಕೂಡಲ್ಲ, ಮತ್ತೆ ಮತ್ತೆ ಚುಚ್ಚಿಸ್ಕೊಂಡ್ರೆ ಉಳಿದಿರೋ ಸ್ನಾಯು ತುದಿನೂ ಮೆತ್ತಗಾಗುತ್ತೆ. ಆಪರೇಷನ್ ಮಾಡಿಸೋದು ಹತ್ರ ಇದ್ರೆ ಬೇಡವೇ ಬೇಡ, ಇನ್ಫೆಕ್ಷನ್ ರಿಸ್ಕ್. ನಮ್ಮದೇ ರಕ್ತ ತೆಗೆದು ತಿರುಗಿಸಿ ಚುಚ್ಚೋ ಪಿಆರ್‌ಪಿ ಬಗ್ಗೆನೂ ಕೇಳ್ತಾರೆ, ಒಂದು ಕಡೆ ಲಾಭ ಅಂತ ಬಂದ್ರೆ ಇನ್ನೊಂದು ಕಡೆ ಇಲ್ಲ ಅಂತ ಬಂದಿದೆ, ನಾನಾದ್ರೆ ಆ ದುಡ್ಡನ್ನ ಫಿಸಿಯೋಗೆ ಹಾಕ್ತೀನಿ.

ಕೀಲು ತಪ್ಪಿದ್ರೆ

ಅಣ್ಣನ ಮಗಂಗೆ 19, ಕಬಡ್ಡಿ ಹುಚ್ಚು. ರೈಡ್‌ಗೆ ಹೋದಾಗ ಕೈ ಹಿಡಿದೆಳೆದು ಭುಜ ತಪ್ಪಿತು, ಆಸ್ಪತ್ರೇಲಿ ಎಕ್ಸ್‌ರೇ ತೆಗೆದು ಕೂರಿಸಿ ಮತ್ತೆ ಎಕ್ಸ್‌ರೇ ತೆಗೆದು ಕಳಿಸಿದ್ರು. ಎರಡು ವಾರಕ್ಕೆ ಸ್ಲಿಂಗ್ ಬಿಸಾಕಿ ಮ್ಯಾಟ್ ಮೇಲೆ ಹೋದ, ನಾಲ್ಕು ತಿಂಗಳಲ್ಲಿ ಮತ್ತೆ ತಪ್ಪಿತು. ಈ ವಯಸ್ಸಿನ ಹುಡುಗರಲ್ಲಿ, ಅದರಲ್ಲೂ ಮೈಗೆ ಮೈ ತಾಗೋ ಆಟ ಆಡೋರಲ್ಲಿ, ಒಂದು ಸಲ ತಪ್ಪಿದ್ದು ಮತ್ತೆ ತಪ್ಪೋದೇ ಜಾಸ್ತಿ, ಯಾಕಂದ್ರೆ ಗುಳಿ ಅಂಚಿನ ಪಟ್ಟಿ ಕಿತ್ತು ಹೋಗಿರುತ್ತೆ. ಅದನ್ನ ವಾಪಸ್ ಹೊಲಿಯೋದು ಬ್ಯಾಂಕಾರ್ಟ್ ರಿಪೇರಿ, ಪದೇ ಪದೇ ತಪ್ಪಿ ಗುಳಿಯ ಮೂಳೆನೂ ಸವೆದಿದ್ರೆ ಪಕ್ಕದ ಮೂಳೆ ತುಂಡು ತಂದು ಕೂರಿಸೋ ಲಾಟರ್ಜೆ. 40 ದಾಟಿದವರಿಗೆ ಕೀಲು ತಪ್ಪಿದ್ರೆ ಲೆಕ್ಕ ಉಲ್ಟಾ, ಮತ್ತೆ ತಪ್ಪೋದು ಕಮ್ಮಿ, ಆದ್ರೆ ಕೂರಿಸಿದ ಮೇಲೂ ಕೈ ಏಳದಿದ್ರೆ ಕಫ್ ಹರಿದಿದ್ಯಾ ಅಂತ ನೋಡಿಸ್ಲೇಬೇಕು.

ನಾಟಿ ಕಟ್ಟು, ಎಣ್ಣೆ ನೀವೋದು

ನಂಗೂ ಪುತ್ತೂರು ಕಟ್ಟಿಗೆ ಹೋಗಿ ಬಾ ಅಂತ ಹತ್ತು ಜನ ಹೇಳಿದ್ರು. ಮುರಿದ ಮೂಳೆ ಕಟ್ಟೋ ವಿದ್ಯೆಗೂ ನನ್ನ ತೊಂದರೆಗೂ ಸಂಬಂಧನೇ ಇಲ್ಲ, ನಂದು ಮೂಳೆನೇ ಮುರಿದಿಲ್ಲವಲ್ಲ. ಬಿಗಿದ ಕತ್ತು ಬೆನ್ನಿಗೆ ಬೆಚ್ಚಗಿನ ಎಣ್ಣೆ ಹಚ್ಚಿದ್ರೆ ಹಾಯ್ ಅನ್ಸುತ್ತೆ, ಹಚ್ಕೊಳ್ಳಿ, ನಾನೂ ಹಚ್ಚಿಸ್ಕೊಂಡಿದೀನಿ. ಹೊಸ ಪೆಟ್ಟಿನ ಮೇಲೆ ಜಗ್ಗಿ ನೀವೋದು ಮಾತ್ರ ಬೇಡ.

ದುಡ್ಡು

ನಂಗೆ ಎರಡು ಕಡೆ ಎಸ್ಟಿಮೇಟ್ ಸಿಕ್ತು, ಒಂದು 1 ಲಕ್ಷ 60 ಸಾವಿರ, ಇನ್ನೊಂದು 2 ಲಕ್ಷ 40 ಸಾವಿರ. ವ್ಯತ್ಯಾಸದಲ್ಲಿ ಅರ್ಧ ಆಂಕರ್‌ದು, ಹಾಗಾಗಿ ಎಷ್ಟು ಆಂಕರ್, ಒಂದಕ್ಕೆ ಎಷ್ಟು, ಯಾವ ಕಂಪ್ನೀದು ಅಂತ ಮುಂಚೆನೇ ಬರೆಸ್ಕೊಳ್ಳಿ. ಡಿಸ್ಚಾರ್ಜ್ ಆದ ಮೇಲಿನ ಫಿಸಿಯೋ ಇನ್ಶೂರೆನ್ಸಲ್ಲಿ ಬರುತ್ತಾ, ಎಷ್ಟು ದಿನದವರೆಗೆ ಅಂತನೂ ಕೇಳಿ, ನಂಗೆ 60 ದಿನದ್ದು ಬಂತು, ಆದ್ರೆ ಫಿಸಿಯೋ ಬೇಕಾಗಿದ್ದು ಐದು ತಿಂಗಳು, ಒಂದು ಸಲಕ್ಕೆ 400ರ ಲೆಕ್ಕದಲ್ಲಿ ಉಳಿದಿದ್ದು ಕೈಯಿಂದ. ಕಾರ್ಡ್ ಇರೋರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ನಿಮ್ಮ ಆಪರೇಷನ್ ಬರುತ್ತಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ರ ವಿಚಾರಿಸಿ, ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆ ಇಂಥ ಮೂಳೆ ಕೀಲಿನ ಕೆಲಸಕ್ಕೇ ಇರೋ ಸರ್ಕಾರಿ ಸಂಸ್ಥೆ, ಅಲ್ಲೂ ತೋರಿಸಬಹುದು.

ಈಗ ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ತಾರೀಖು ಬೋರ್ಡಿನ ತುತ್ತತುದೀಲಿ ಒಂದೇ ಕೈಲಿ ಬರೀತೀನಿ, ಮಳೆ ಬಂದಾಗ ಸಣ್ಣಗೆ ನೋವು. ಬಸ್ಸಲ್ಲಿ ಮೇಲಿನ ಕಂಬಿ ಹಿಡ್ಕೊಂಡು ನಿಂತಾಗ ಡ್ರೈವರ್ ಬ್ರೇಕ್ ಹಾಕಿದ್ರೆ ಎದೆ ಝಲ್ ಅನ್ನುತ್ತೆ, ಅದಕ್ಕೆ ಎಡಗೈಲೇ ಹಿಡ್ಕೊಳ್ತೀನಿ. ಹೆಡ್‌ಮಾಸ್ಟರ್ ಹೋದ ವಾರ ಮನೆಗೆ ಬಂದಿದ್ರು, ಹೊಲಿಗೆ ಇಲ್ಲದ ಭುಜ ಇಟ್ಕೊಂಡು ಹಿತ್ತಲಲ್ಲಿ ಒಂದೇ ಸಮ ಮೂವತ್ತು ತೆಂಗಿನಕಾಯಿ ಸುಲಿದು ಹಾಕಿದ್ರು, ನಾನು ಪಕ್ಕದಲ್ಲಿ ನಿಂತು ಸಿಪ್ಪೆ ಎತ್ತಿಡ್ತಿದ್ದೆ.